ಡಿಶ್ ಹಿಡಿದ ಬೀಗರು

ನಮ್ಮ ಬೀಗರಿಗೆ, ಅಂದರೆ ನನ್ನ ಮಗಳ ಮಾವನವರಿಗೆ, ಮನುಷ್ಯರ ಮುಖ ನೆನಪಿರುವುದಿಲ್ಲ. ಅವರವರ ಮಾಳಿಗೆಯ ಮೇಲಿನ ಡಿಶ್ ಮಾತ್ರ ನೆನಪಿರುತ್ತದೆ ಎಂದರೆ ನಂಬುತ್ತೀರಾ?

ಸೊರಡಿ ಎಂಬ ಊರಲ್ಲಿ ಅವರದು ದಾಳಿಂಬೆ ತೋಟ. ಡಿಶ್ ಅವರ ಕಸುಬಲ್ಲ, ಹುಚ್ಚು! ಮಗನಿಗೆ ನಮ್ಮ ಹುಡುಗಿಯನ್ನು ನೋಡಲು ನಮ್ಮೂರು ಬಾಲಗಾಂವಕ್ಕೆ ಬಂದ ದಿನ ನಾವು ಜಮಖಾನೆ ಹಾಸಿ, ಚಹಾ ಕಾಸಿ ಕಾದರೆ ಇವರೆಲ್ಲಿ? ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ! ಅಲ್ಲಿಂದಲೇ ಹೇಳಿದರು: "ಅಕ್ಕಾರ, ಡಿಶ್ ಒಂದೀಟು ದಕ್ಷಿಣಕ್ಕ ಸರದೈತ್ರಿ. ಹುಡುಗಿ ನಮಗ ಪಸಂದ ಐತಿ."

ಹುಡುಗಿಯನ್ನು ಅವರಿನ್ನೂ ನೋಡಿಯೇ ಇರಲಿಲ್ಲ! ಊರವರೆಲ್ಲ ಬೀಗರನ್ನು ಗಾದಿಯ ಮೇಲೆ ಕೂಡಿಸಿ ಮಾನ ಮಾಡುತ್ತಾರೆ. ನಮ್ಮವರನ್ನು ಮಾಳಿಗೆಯಿಂದ ಇಳಿಸಿದರೆ ಅದೇ ದೊಡ್ಡ ಮಾನ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅವರು ಟ್ರಾನ್ಸ್‌ಪಾಂಡರ್, ಸಿಂಬಲ್ ರೇಟ್ ಎಂದು ಮಂತ್ರ ಹೇಳುವಾಗ ಕೈ ಮುಗಿಯಬೇಕೋ ಬೇಡವೋ ತಿಳಿಯುವುದಿಲ್ಲ. ಎರಡು ಮಾತು ಮಾತ್ರ ತಲೆಗೆ ಹತ್ತಿವೆ. ಟಿವಿಯ ಮೇಲೆ ಎರಡು ಗೆರೆ ಮೂಡುತ್ತವೆ: ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಸ್ಟ್ರೆಂತ್ ಎಷ್ಟಿದ್ದರೂ ಕ್ವಾಲಿಟಿ ಬರದೆ ಚಿತ್ರವಿಲ್ಲ. ಇದೇ ಅಳತೆಗೋಲಿನಿಂದ ಅವರು ಲೋಕವನ್ನೆಲ್ಲ ಅಳೆಯುತ್ತಾರೆ. ಪುಢಾರಿಯ ಭಾಷಣವೇ? ಸ್ಟ್ರೆಂತ್ ಪೂರ್ತಿ, ಕ್ವಾಲಿಟಿ ಸೊನ್ನೆ. ನನ್ನ ಹೋಳಿಗೆಯೇ? ಎರಡೂ ಪೂರ್ತಿ! (ಅದಕ್ಕೇ ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.)

ಒಂದು ದಸರೆಯ ಖಂಡೇಪೂಜೆಗೆ ಕುಡಗೋಲು, ಟ್ರ್ಯಾಕ್ಟರ್ ಎಲ್ಲಕ್ಕೂ ಪೂಜೆಯಾಯಿತು. ಡಿಶ್ ಏನು ಪಾಪ ಮಾಡಿತ್ತು? ಅದಕ್ಕೂ ವಿಭೂತಿ ಬಳಿದೆ. ಅದರ ಮುಂದೆ ಚಾಚಿಕೊಂಡು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಮೂತಿಗೆ ನೀರು ಚಿಮುಕಿಸಿದ ದಪ್ಪ ಚೆಂಡುಹೂವಿನ ಮಾಲೆ ಸುತ್ತಿದೆ. ಟಿವಿ ಕಪ್ಪಾಯಿತು! ಬೀಗರು ಬಂದರು, ಚಪ್ಪಲಿ ಬಿಟ್ಟು ಮೇಲೇರಿದರು, ಮಾಲೆ ತೆಗೆದು ಕಣ್ಣಿಗೊತ್ತಿಕೊಂಡರು.

"ಭಕ್ತಿ ಪೂರ್ತಿ ಐತ್ರಿ ಅಕ್ಕಾರ. ಆದ್ರ ದೇವರ ಕಣ್ಣ ಮುಚ್ಚೀರಲ್ಲ."

ಈಗ ಮೊನ್ನೆಯದನ್ನು ಕೇಳಿ, ಹೇಳದಿದ್ದರೆ ನನಗೆ ಉಂಡದ್ದು ಕರಗದು. ನಮ್ಮಿಬ್ಬರ ಮೊಮ್ಮಗಳು ಪುಣೆಯಲ್ಲಿ ಖೋ-ಖೋ ಆಡಿದಳು. ಟಿವಿಯಲ್ಲಿ! ಬೀಗರೂ ನೋಡಲು ನಮ್ಮಲ್ಲಿಗೇ ಬಂದರು, ಓಣಿಯೆಲ್ಲ ಪಡಸಾಲೆಯಲ್ಲಿ ಕೂತಿತು. ಆಟ ಶುರುವಾಗಬೇಕು, ಅಷ್ಟರಲ್ಲಿ ಗಾಳಿ ಬೀಸಿ, ಡಿಶ್ಶನ್ನು ಕೊಳವೆಗೆ ಬಿಗಿದಿದ್ದ ಕ್ಲಾಂಪ್ ಮುರಿಯಿತು. ಚಿತ್ರ ಚೌಕ ಚೌಕವಾಗಿ ಒಡೆದು ಮಾಯವಾಯಿತು. ಕ್ಲಾಂಪ್ ತರಲು ಜತ್ತದ ಪೇಟೆಗೆ ಹೋಗಿ ಬರುವಷ್ಟರಲ್ಲಿ ಆಟವೇ ಮುಗಿದಿರುತ್ತದೆ!

ಬೀಗರು ಮೇಲೇರಿ ಡಿಶ್ಶನ್ನು ಹಿಂದಿನಿಂದ ಎದೆಗೆ ಅವುಚಿ ಹಿಡಿದರು. ಗೆರೆ ಏರಿತು, ಮೊಮ್ಮಗಳು ಬಂದಳು!

"ಕ್ವಾಲಿಟಿ ಎಷ್ಟ್ರಿ?" ಮೇಲಿನಿಂದ ದನಿ.

"ಭಾಳ ಚಲೋ ಐತ್ರಿ, ಹಂಗ ಹಿಡೀರಿ."

ನನ್ನ ಮಗ ತಾನು ಹಿಡಿಯುತ್ತೇನೆಂದು ಹೋದ. ಕೈ ಬದಲಿಸುವಾಗ ಚಿತ್ರ ಹೋದೀತೆಂದು ಇವರು ಬಿಡಲೇ ಇಲ್ಲ. ಕೂಸು ಕಂಬದ ಬಳಿ ಮೀನಿನಂತೆ ಹಾರಿ ಎದುರಾಳಿಯ ಬೆನ್ನು ಮುಟ್ಟಿತು ನೋಡಿ, ಓಣಿಯೆಲ್ಲ ಕುಣಿಯಿತು! ನಾನು ಅತ್ತೆ, ನಕ್ಕೆ, ಪಕ್ಕದವಳ ಸೆರಗಿಗೆ ಮೂಗು ಒರೆಸಿದೆ!

ಸಂಜೆ ಅವಳ ಫೋನು ಬಂತು. ಸೊರಡಿ ಅಜ್ಜನಿಗೇ ಕೊಡಬೇಕಂತೆ.

"ಅಜ್ಜಾ, ನಾ ಹಾರಿದ್ದು ನೋಡಿದೇನು?"

ಫೋನು ಹಿಡಿದ ಅವರ ಅಂಗೈಯಲ್ಲಿ ಡಿಶ್ಶಿನ ಅಂಚು ಕೆಂಪಗೆ ಬರೆ ಎಳೆದಿತ್ತು.

"ನೋಡಿದ್ನೆವಾ. ಫುಲ್ ಕ್ವಾಲಿಟಿ."

ಒಂದು ಚೂರು ಚಿತ್ರವನ್ನೂ ಕಾಣದವರು! ಆದರೆ ಸುಳ್ಳು ಎನ್ನುವುದು ಹೇಗೆ? ಆಕಾಶದಿಂದ ಇಳಿದ ಕೂಸು ನಮ್ಮ ಟಿವಿಗೆ ಬರುವ ಮೊದಲು ಅವರ ತೋಳಿಗೇ ಬಂದಿತ್ತಲ್ಲ.