ಎಲ್ಲಿಗೆ ಎಂದು ಕೇಳುವ ಮಾಮಾ

ನಮ್ಮ ಯಜಮಾನರ ಸೋದರಮಾವನಷ್ಟು ಹೆದರುವ ಮನುಷ್ಯ ಟೆಕ್ಸಾಸಿನಲ್ಲಿ ಇನ್ನೊಬ್ಬರಿಲ್ಲ. ನಿಜ ಹೇಳಬೇಕೆಂದರೆ ಅವರು ಟೆಕ್ಸಾಸಿನಲ್ಲೇ ಇಲ್ಲ! ಊಟ, ನಿದ್ದೆ, ಸ್ನಾನವೆಲ್ಲ ರೌಂಡ್ ರಾಕ್‌ನ ನಮ್ಮ ಮನೆಯಲ್ಲಿ. ವಾಸ ಮಾತ್ರ ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಕುಗ್ರಾಮದಲ್ಲಿ.

ಧಾರವಾಡದ ಈ ಇಂಜಿನಿಯರ್ ಮಾಮಾ ಪ್ರಾಯದಲ್ಲಿ ಆ ಹಳ್ಳಿಗೆ ನೀರಿನ ಪಂಪು ಕೂರಿಸಲು ಹೋಗಿ ಕೆಲವು ವರ್ಷ ಅಲ್ಲೇ ಇದ್ದರು. ಆಮೇಲೆ ಹ್ಯೂಸ್ಟನ್ನಿನಲ್ಲಿ ದುಡಿದು, ಮದುವೆ ಗಿದುವೆ ಇಲ್ಲದ್ದರಿಂದ, ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಲ್ಲಿಗೆ ಬಂದರು. ನಾನು ಜಾವಾಕ್ಕೆ ಕಾಲಿಟ್ಟವಳಲ್ಲ. ಆದರೂ ಆ ಹಳ್ಳಿಯ ದಾರಿಯನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಸಂತೆಯ ಊರಿನವರೆಗೆ ಬಸ್ಸು. ಅಲ್ಲಿಂದ ಎಲೆಕೋಸಿನ ಲಾರಿಯಲ್ಲಿ ನಿಂತು ಬೆಟ್ಟ ಹತ್ತಬೇಕು. ಲಾರಿ ಸೋತಲ್ಲಿ ಬಿದಿರಿನ ಸೇತುವೆ, ಆಮೇಲೆ ನಡಿಗೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, ಅದರ ಮೇಲೆ ತಂಬಾಕು, ಎಲ್ಲಕ್ಕೂ ಮೇಲೆ ಹೊಗೆಯಾಡುವ ಜ್ವಾಲಾಮುಖಿ. ಹೆಣೆದ ಬಿದಿರಿನ ಗೋಡೆಯ ಮನೆಗಳು. ಜಗಲಿ ಜಗಲಿಯಲ್ಲೂ ಹಲಸಿನ ಮರದ ಟೊಳ್ಳು ಕೊರಡನ್ನು ತೂಗುಬಿಟ್ಟಿರುತ್ತಾರೆ. ಅಪಾಯ ಬಂದರೆ ಬಡಿಯುವುದಕ್ಕೆ. ಬೂದಿ ಬಿದ್ದ ಮಣ್ಣಿನಲ್ಲಿ ಬೇಲಿಯ ಗೂಟವೂ ಚಿಗುರುತ್ತದಂತೆ. ಅದಕ್ಕೇ ಬೆಟ್ಟ ಎಷ್ಟು ಗುಡುಗಿದರೂ ಜನ ಊರು ಬಿಡುವುದಿಲ್ಲವಂತೆ.

ಅಂಥ ಬೆಟ್ಟದ ಬುಡದಲ್ಲಿದ್ದು ಬಂದವರಿಗೆ ಇಲ್ಲಿ ಹೆದರಲು ಏನಿದೆ ಎನ್ನುತ್ತೀರಾ? ಬೆಟ್ಟ ಇಲ್ಲದಿರುವುದೇ! ಡಲ್ಲಾಸಿಗೆ ಹೋದಾಗಲೆಲ್ಲ ಕಾರಿನ ಕಿಟಕಿಯಿಂದ ಆ ಬಟಾಬಯಲು ನೋಡಿ ಅವರ ಮುಖ ಸಣ್ಣದಾಗುತ್ತಿತ್ತು. ನೀರು ಬಂದರೆ ಓಡಿ ಹತ್ತಲಿಕ್ಕೆ ಒಂದು ಗುಡ್ಡವೂ ಇಲ್ಲವಲ್ಲ ಎಂಬುದು ಅವರ ಚಿಂತೆ. ಮಲಗುವಾಗ ಮಂಚದ ಪಕ್ಕ ಬೂಟು, ಬೂಟಿನೊಳಗೆ ಟಾರ್ಚು. ಕಾರನ್ನು ಯಾವಾಗಲೂ ರಸ್ತೆಗೆ ಮುಖ ಮಾಡಿಯೇ ನಿಲ್ಲಿಸಬೇಕು.

ಇವನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಪ್ರಶ್ನೆ. ಆ ಹಳ್ಳಿಯಲ್ಲಿ ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳುವ ಬದಲು "ಮೌ ಕೆ ಮಾನಾ?" ಎನ್ನುತ್ತಾರಂತೆ. ಎಲ್ಲಿಗೆ ಹೊರಟಿರಿ ಎಂದು ಅರ್ಥ. ಮಾಮಾ ಅದನ್ನು ಟೆಕ್ಸಾಸಿಗೆ ತಂದಿದ್ದರು. ನಾನೋ ಮೈಸೂರಿನವಳು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ಕೇಳಿಕೊಂಡೇ ಬೆಳೆದವಳು. ಕೇಳಲೇಬೇಕಿದ್ದರೆ "ದೂರ ಹೊರಟಿರಾ?" ಅನ್ನಬೇಕು. ಧಾರವಾಡದಲ್ಲೂ ಇದೇ ಪದ್ಧತಿ. ಮಾಮಾಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಕೇಳುತ್ತಿದ್ದರು! ನಾನು ಬೀಗದ ಕೈ ಎತ್ತಿಕೊಂಡರೆ ಸಾಕು, "ಎಲ್ಲಿಗೆ ಹೊಂಟೀಯವಾ? ಯಾವ ದಾರೀಲೆ?"

ಒಮ್ಮೆ ಆಸ್ಟಿನ್‌ನಲ್ಲಿ ಓದುತ್ತಿದ್ದ ಮಂಡ್ಯದ ಹುಡುಗನೊಬ್ಬ ನಮ್ಮ ಮನೆಯಿಂದ ಡ್ರೈವಿಂಗ್ ಟೆಸ್ಟಿಗೆ ಹೊರಟ. ಮಾಮಾ ಬಾಗಿಲಲ್ಲೇ ಕೇಳಿಬಿಟ್ಟರು. ಹುಡುಗ ಮುಖ ಕಪ್ಪಗೆ ಮಾಡಿಕೊಂಡು, ಒಳಗೆ ಬಂದು ಕೂತು, ನೀರು ಕುಡಿದು, ದೋಷ ಕಳೆದುಕೊಂಡು ಮತ್ತೆ ಎದ್ದ. ಹೊಸದಾಗಿ ಹೊರಟವನನ್ನು ಹೊಸದಾಗಿ ಕೇಳದಿದ್ದರೆ ಹೇಗೆ? ಮಾಮಾ ಮತ್ತೆ ಕೇಳಿದರು. ಹುಡುಗ ಮತ್ತೆ ನೀರು ಕುಡಿದ. ಕೊನೆಗೆ ನಾನು ಅವನನ್ನು ಹಿತ್ತಲ ಬಾಗಿಲಿನಿಂದ ಸಾಗಹಾಕಿದೆ. ಟೆಸ್ಟು ಪಾಸಾಯಿತು, ಆದರೆ ಹೋಗುವ ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿ ಬಾತ್‌ರೂಮ್ ಹುಡುಕಬೇಕಾಯಿತಂತೆ.

ಇನ್ನೊಮ್ಮೆ ಡಲ್ಲಾಸಿನ ಹತ್ತಿರದ ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಯ ಮುಂದೆ, ದೊಡ್ಡ ಟೋಪಿಯ ಅಪರಿಚಿತ ಮುದುಕನೊಬ್ಬನನ್ನು ಇಂಗ್ಲಿಷಿನಲ್ಲಿ ಹಾಗೇ ಕೇಳಿದರು. ಬಂದೂಕು ತೆಗೆಯುತ್ತಾನೇನೋ ಎಂದು ನಾನು ಕಾರಿನ ಹಿಂದೆ ಸರಿದೆ. ಆತ ಟೋಪಿ ತೆಗೆದ. ಆಸ್ಪತ್ರೆಯಲ್ಲಿರುವ ಹೆಂಡತಿಯನ್ನು ನೋಡಲು ಹೊರಟವನಂತೆ. ಮಾತು ಮುಗಿಯುವಷ್ಟರಲ್ಲಿ ನಾನು ಕೊಂಡ ಕರಿಬೇವು ಬಿಸಿಲಿಗೆ ಬಾಡಿಹೋಗಿತ್ತು.

ಆಮೇಲೆ ಆ ಮೇ ತಿಂಗಳ ಶನಿವಾರ ಬಂತು. ನಮ್ಮವರು ಪಕ್ಕದೂರು ಜಾರ್ಜ್‌ಟೌನ್‌ನಲ್ಲಿ ಹೊಸ ಮನೆಗಳನ್ನು ನೋಡಲು ಹೊರಟರು. ಮಾಮಾ ಕೇಳಿದರು. ಮನೆ ನೋಡುವಂಥ ಶುಭ ಕೆಲಸಕ್ಕೆ ಹೊರಟಾಗಲೂ ಹೀಗೆಯೇ ಎಂದು ಇವರಿಗೆ ರೇಗಿತು. ನಾನು ನೀರು ತರಲು ಒಳಗೆ ಹೋದೆ. ಹೊರಗೆ ಇಬ್ಬರೂ ಜೋರಾಗಿ ಮಾತಾಡುವುದು ಕೇಳುತ್ತಿತ್ತು, ಏನೆಂದು ತಿಳಿಯಲಿಲ್ಲ. ಲೋಟ ಹಿಡಿದು ಬರುವಷ್ಟರಲ್ಲಿ ಕಾರು ಹೊರಟುಹೋಗಿತ್ತು.

ಮಧ್ಯಾಹ್ನ ನಮ್ಮಲ್ಲಿ ಬಿಸಿಲಿದ್ದಾಗಲೇ ಪಶ್ಚಿಮದ ಆಕಾಶ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಹಳ್ಳಗಳು ಉಕ್ಕುತ್ತಿವೆ, ರಸ್ತೆಗಳು ಮುಳುಗಿವೆ ಎಂದು ಟೀವಿಯಲ್ಲಿ ಶುರುವಾಯಿತು. ಇವರಿಗೆ ಫೋನು ಮಾಡಿದೆ, ಸಿಗಲಿಲ್ಲ. ಮತ್ತೆ ಮಾಡಿದೆ. ಒಂದು ಕಾರು ನೀರಿನಲ್ಲಿ ಬೊಂಬೆಯ ಹಾಗೆ ತಿರುಗುತ್ತಿರುವುದನ್ನು ತೋರಿಸಿದರು. ಅದು ನಮ್ಮದಲ್ಲ. ಇಲ್ಲಿನ ತುರ್ತು ನಂಬರು ನೈನ್ ಒನ್ ಒನ್‌ಗೆ ಫೋನು ಮಾಡಿದೆ. ಆ ಹೆಂಗಸು ಯಾವ ರಸ್ತೆ ಎಂದಳು. ಜಾರ್ಜ್‌ಟೌನ್ ಎಂದೆ. ಯಾವ ರಸ್ತೆ ಎಂದು ಮತ್ತೆ ಕೇಳಿದಳು. ನನಗೆ ಗೊತ್ತಿರಲಿಲ್ಲ. ಒಟ್ಟಿಗೆ ಬಾಳುವ ಗಂಡ ಯಾವ ದಾರಿಯಲ್ಲಿ ಹೋಗಿದ್ದಾನೆಂದು ಗೊತ್ತಿಲ್ಲದೆ ನಾನು ಫೋನು ಹಿಡಿದು ಜಾರ್ಜ್‌ಟೌನ್, ಜಾರ್ಜ್‌ಟೌನ್ ಎನ್ನುತ್ತಲೇ ಇದ್ದೆ.

ಮಾಮಾ ಫೋನು ಕಿತ್ತುಕೊಂಡರು. ಹೆದ್ದಾರಿಯಲ್ಲ, ಹಳೆಯ ರಸ್ತೆ. ಕಲ್ಲಿನ ಚರ್ಚು ದಾಟಿದ ಮೇಲೆ ತಗ್ಗಿನಲ್ಲಿ ಹಳ್ಳ. ಹಸಿರು ಕಾರು, ನೀಲಿ ಅಂಗಿ. ಬೆಳಗ್ಗೆ ಇವರು ರೇಗಿಕೊಂಡು ಕೂಗಿ ಹೇಳಿದ್ದ ದಾರಿಯನ್ನೆಲ್ಲ ಮಾಮಾ ಒಂದಕ್ಷರ ಬಿಡದೆ ಒಪ್ಪಿಸಿದರು.

ಅಲ್ಲೇ ಸಿಕ್ಕರು. ಕಾರು ಹಳ್ಳದ ಮರವೊಂದಕ್ಕೆ ಸಿಕ್ಕಿಕೊಂಡಿತ್ತು, ಇವರು ಅದರ ನೆತ್ತಿಯ ಮೇಲೆ ಕೂತಿದ್ದರಂತೆ. ಫೋನು ನೀರುಪಾಲು. ಆ ದಾರಿಯಲ್ಲಿ ಬೇರೆ ಒಂದು ಗಾಡಿಯೂ ಇರಲಿಲ್ಲ. ಸಂಜೆ ಕಂಬಳಿ ಹೊದ್ದು ಮನೆಗೆ ಬಂದವರನ್ನು ನಾನು ಅಳುತ್ತಾ ಬಯ್ದೆ, ಬಯ್ಯುತ್ತಾ ಅತ್ತೆ.

ಮಾಮಾ ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ, ಇಷ್ಟು ವರ್ಷ ಆ ಹಳ್ಳಿಯ ಕೋಳಿ ಕುರಿಗಳ ಕಥೆಯನ್ನೂ ಬಿಡದವರು, ಒಮ್ಮೆಯೂ ಹೇಳದಿದ್ದ ಒಂದನ್ನು ಹೇಳಿದರು. ಅಲ್ಲಿ ಅವರ ಜೊತೆ ಒಂದೇ ಮನೆಯಲ್ಲಿದ್ದ ಗೆಳೆಯನೊಬ್ಬ ಒಂದು ಬೆಳಗ್ಗೆ ಹೊರಟ. ಮಾಮಾ ಆಗ ಹೊಸಬರು. ಹೊರಟವರನ್ನು ಕೇಳಬಾರದು ಎಂದು ಅವ್ವ ಕಲಿಸಿದ್ದನ್ನು ನೆನೆದು ಸುಮ್ಮನಿದ್ದರು. ಊರಿನಲ್ಲಿ ಬಿಸಿಲಿತ್ತು. ಬೆಟ್ಟದ ತುದಿಯಲ್ಲಿ ಮಳೆಯಾಗಿ, ಬೂದಿಯೂ ಬಂಡೆಯೂ ಕೂಡಿದ ನೀರು ಹೊಳೆಗೆ ಇಳಿಯಿತು. ಊರಿಗೂರೇ ಕೊರಡು ಬಡಿದು ಹುಡುಕಿತು, ಅವನು ಸಿಗಲಿಲ್ಲ.

"ಎಲ್ಲಿಗೆ ಹೋಗ್ಯಾನ ಅಂತ ಎಲ್ಲಾರೂ ನನ್ನ ಕೇಳಿದ್ರು," ಎಂದರು ಮಾಮಾ. "ನಾ ಅವನ್ನ ಕೇಳಿರಲಿಲ್ಲಲ್ಲೋ."

ಸೋಮವಾರ ಬೆಳಗ್ಗೆ ನಮ್ಮವರು ಆಫೀಸಿಗೆ ಹೊರಟರು. ಮಾಮಾ ಸೋಫಾದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಶನಿವಾರ ತಾವು ಕೇಳಿದ್ದರಿಂದಲೇ ಹಾಗಾಯಿತೇನೋ ಎಂಬ ಹೊಸ ಹೆದರಿಕೆ ಅವರನ್ನು ಹಿಡಿದಿತ್ತು, ಎಲ್ಲಿಗೆ ಎಂದು ಕೇಳಲಿಲ್ಲ. ಇವರು ಬೂಟು ಹಾಕಿಕೊಂಡರು, ಚೀಲ ಹೆಗಲಿಗೇರಿಸಿದರು, ಬಾಗಿಲು ತೆರೆದರು. ತೆರೆದವರು ಹೊರಗೆ ಹೋಗದೆ ಅಲ್ಲೇ ನಿಂತರು.

"ಮಾಮಾ, ನಾ ಹೊಂಟೆ," ಎಂದರು. ಆಮೇಲೆ ಒಳಗೆ ತಿರುಗಿ, "ಕೇಳೂದಿಲ್ಲೇನ್ರಿ?"