ಕಾಕಾನ ಮೋಟಾರು ಗೇರಿಗೆ ಬಿದ್ದದ್ದು

ಗುಡಿಗೆ ಹೋಗುವಾಗ ಚಪ್ಪಲಿ ಬಿಡುವುದನ್ನು ಮರೆತರೂ ಮರೆತಾನು, ಮೋಟಾರು ಹತ್ತುವಾಗ ಮಾತ್ರ ನಮ್ಮ ಕಾಕಾ ಎಂದೂ ಮರೆತವನಲ್ಲ! ನಗಿಸಲು ಕಟ್ಟಿದ ಮಾತೆಂದು ತಿಳಿಯಬೇಡಿ. ತುಕ್ಕಾನಟ್ಟಿಯಲ್ಲಿ ಗಾಡಿಯೆಂದರೆ ಎತ್ತು ಎಳೆಯುವುದು ಎಂದೇ ಜನ ತಿಳಿದಿದ್ದ ಕಾಲವದು. ದೇಶ ಬಿಟ್ಟು ಹೊರಟಿದ್ದ ಬಿಳಿ ಸಾಹೇಬನೊಬ್ಬನಿಂದ ಕಾಕಾ ಆ ಮೋಟಾರನ್ನು ಬೆಳಗಾವಿಯಲ್ಲಿ ಕೊಂಡು ತಂದ. ತಂದ ದಿನವೇ ಅದರ ಮೂತಿಗೆ ವಿಭೂತಿ ಬಳಿದ, ಹೂವು ಏರಿಸಿದ, ಕಾಯಿ ಒಡೆದ. ಪೂಜೆ ಮಾಡಿದ ಮೇಲೆ ಚಪ್ಪಲಿಗಾಲು ಒಳಗಿಡುವುದು ಹೇಗೆ? ತಾನೂ ಬಿಟ್ಟ, ಹತ್ತುವವರಿಗೂ ಬಿಡಿಸಿದ.

ಬಿಡುವುದೇನೋ ಸರಿ. ಬಿಟ್ಟ ಚಪ್ಪಲಿಯನ್ನು ಎತ್ತಿ ಇಟ್ಟುಕೊಳ್ಳಬೇಕಲ್ಲ! ಬೆಲ್ಲದ ಬಾಗೇವಾಡಿಗೆ ಮದುವೆಗೆಂದು ಹೊರಟ ದಿನ ನಮ್ಮ ಚಪ್ಪಲಿಗಳೆಲ್ಲ ಅಂಗಳದಲ್ಲಿ ಸಾಲಾಗಿ ಉಳಿದವು, ನಾವು ಮಾತ್ರ ಮದುವೆ ಮನೆ ಮುಟ್ಟಿದೆವು. ಕಾದ ನೆಲದ ಮೇಲೆ ಕುಣಿಯುತ್ತ ಹಂದರದೊಳಗೆ ಓಡಿದ ನಮ್ಮನ್ನು ಕಂಡು ಬೀಗರು ಗಾಬರಿಯಾದರು.

"ಏನ್ರಿ ಇದು, ಮನಿಮಂದಿ ಎಲ್ಲಾರೂ ಬರಿಗಾಲಾಗ ಬಂದೀರಿ? ಏನರ ಹರಕಿ ಐತೇನ್ರಿ?"

"ಹೌದ್ರಿ," ಎಂದ ಕಾಕಾ, ಒಂದಿಷ್ಟೂ ನಗದೆ. "ಮೋಟಾರ ಹಾದ್ಯಾಗ ನಿಲ್ಲದ ಬಂದ್ರ ಬರಿಗಾಲಾಗ ಬರ್ತೇವಿ ಅಂತ ಬೇಡ್ಕೊಂಡಿದ್ವಿರಿ."

ಅವರು, ಪಾಪ, ಭಕ್ತಿಯಿಂದ ಕೈಮುಗಿದು ನಮ್ಮ ಕಾಲಿಗೆಲ್ಲ ನೀರು ಹಾಕಿಸಿದರು. ಅವತ್ತು ಆ ನೀರು ನಮಗೆ ಊಟಕ್ಕಿಂತ ರುಚಿಸಿತು.

ಚಳಿಗಾಲ ಬಂತು. ಬರಿಗಾಲಿಗೆ ಮೋಟಾರಿನ ತಗಡು ಕೊರೆಯತೊಡಗಿತು. ಚಪ್ಪಲಿ ಮೆಟ್ಟು ಎಂದರೆ ಕೇಳುವ ಆಸಾಮಿಯೇ? ಕೊನೆಗೆ ನಮ್ಮ ಅವ್ವನೇ ಮೈದುನನಿಗಾಗಿ ಮರುಗಿ, ಹೊದೆಯಲೆಂದು ತಾನು ಹೊಲಿದ ಹೊಸ ಕೌದಿಯನ್ನು ತಂದುಕೊಟ್ಟಳು.

"ಇದನ್ನರ ಕಾಲಾಗ ಹಾಸ್ಕೊ. ಆದ್ರ ಎಣ್ಣಿಗಿಣ್ಣಿ ಬಡಿಸಿದಿ ಅಂದ್ರ ನೋಡು ಮತ್ತ!"

ಕಾಕಾ ಆ ದಪ್ಪ ಕೌದಿಯನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ ಕಾಲ ಕೆಳಗೆ ಹಾಸಿಕೊಂಡ. ರಾಜನ ಹಾಗೆ ಕೂತ.

ಸುಖ ಎಲ್ಲಿ ಬಾಳಿಕೆ ಬಂತು! ಅದೇ ಹೊತ್ತಿಗೆ ಗೇರಿನ ಕಾಟ ಸುರುವಾಯಿತು. ಗೇರು ಹಾಕಹೋದರೆ ಗರ್ರ್ ಎಂದು ಹಲ್ಲು ಕಡಿಯುವ ಸದ್ದು, ಅದನ್ನು ಕೇಳಿ ಓಣಿಯ ನಾಯಿಗಳ ಮೇಳ. ನೂಕಾಡಿ ಜಗ್ಗಾಡಿ ಎಂದೋ ಒಮ್ಮೆ ಗೇರು ಬಿದ್ದರೆ ಬಿತ್ತು, ಇಲ್ಲವಾದರೆ ಇಲ್ಲ. ಕಾಕಾ ಎತ್ತಿಗೆ ಹೇಳುವಂತೆ ಮೋಟಾರಿಗೆ ಬುದ್ಧಿ ಹೇಳಿದ, ಬೈದ, ಬೆನ್ನು ಸವರಿದ. ಚಕ್ಕಡಿಯ ಅಚ್ಚಿಗೆ ಹಚ್ಚುವ ಔಡಲೆಣ್ಣೆಯನ್ನು ಅದಕ್ಕೂ ಕುಡಿಸಿದ. ಸದ್ದು ಇದ್ದಂತೆಯೇ ಇತ್ತು, ವಾಸನೆಯೊಂದು ಹೆಚ್ಚಾಯಿತು.

ಕೊನೆಗೆ ಗೋಕಾಕದಿಂದ ಮಿಸ್ತ್ರಿಯನ್ನು ಕರೆಸಿದ. ಮಿಸ್ತ್ರಿಯ ಮೈಯೆಲ್ಲ ಕರಿ ಎಣ್ಣೆ. ಅದು ಅವ್ವನ ಕೌದಿಗೆ ತಾಗಿದರೆ ಮನೆಯಲ್ಲಿ ಅನ್ನ ಹುಟ್ಟೀತೇ? ಕಾಕಾ ಮೊದಲು ಕೌದಿಯನ್ನು ತೆಗೆದು ಗೂಟಕ್ಕೆ ಹಾಕಿ, ಆಮೇಲೆ ಮಿಸ್ತ್ರಿಯನ್ನು ಒಳಗೆ ಕೂಡಿಸಿದ. ಅವನು ಎಡಗಾಲಿನಿಂದ ಕ್ಲಚ್ ಒತ್ತಿ ಗೇರು ಹಾಕಿದ. ಸದ್ದಿಲ್ಲ, ಗದ್ದಲವಿಲ್ಲ! ಊರಿಗೊಂದು ಸುತ್ತು ಹೊಡೆದು ಬಂದು ಇಳಿದ.

"ಏನಾಗೈತ್ರಿ ಗೌಡ್ರ ಇದಕ್ಕ? ಛಲೋ ಐತಲ್ರಿ!"

"ಈಗ ಛಲೋನ ಇರತೈತಿ. ನೀ ಅತ್ತಾಗ ಹೋಗು, ಆಮ್ಯಾಲೆ ಇದರ ಬಣ್ಣ ನೋಡು!"

ಹಾಗೆಯೇ ಆಯಿತು. ಮಿಸ್ತ್ರಿ ಹೋದ, ಕೌದಿ ಒಳಗೆ ಬಂತು, ಗೇರು ಹಲ್ಲು ಕಡಿಯಿತು. ಇನ್ನೊಮ್ಮೆ ಕರೆಸಿದರೂ ಅದೇ ಕಥೆ. ಕಾಕಾ ತೀರ್ಪು ಕೊಟ್ಟ: "ಮಾಸ್ತರನ ಮುಂದ ಅಷ್ಟ ಶಾಣ್ಯಾ ಆಗೂ ಹುಡುಗರ ಗತೆ ಐತಿ ಇದು. ಮಿಸ್ತ್ರಿನ್ನ ಕಂಡ್ರ ಅಂಜತೈತಿ." ಅಷ್ಟಕ್ಕೇ ಬಿಟ್ಟನೇ? ಮಿಸ್ತ್ರಿಯ ಹಳೆಯ ಟೋಪಿಯೊಂದನ್ನು ಬೇಡಿ ತಂದು ಮೋಟಾರಿಗೆ ಕಾಣುವಂತೆ ಮುಂದೆ ತೂಗುಬಿಟ್ಟ! ಮೋಟಾರು ಅದಕ್ಕೆ ಸೊಪ್ಪು ಹಾಕಲಿಲ್ಲ.

ಆ ಚಳಿಗಾಲದಲ್ಲೇ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು. ಬೇನೆ ಹತ್ತಿ ಎಷ್ಟು ಹೊತ್ತಾದರೂ ಕೂಸು ಬರಲಿಲ್ಲ. ಬೆಳಕು ಹರಿಯುವಾಗ ಸೂಲಗಿತ್ತಿ ಕೈಚೆಲ್ಲಿದಳು.

"ನನ್ನ ಕಡಿಂದ ಆಗೂದಿಲ್ಲವ್ವಾ. ಲಗೂನ ಗೋಕಾಕದ ದವಾಖಾನಿಗೆ ಒಯ್ರಿ. ತಡಾ ಮಾಡಿದ್ರ ತಾಯಿನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ."

ನನ್ನನ್ನು ಎತ್ತಿ ತಂದು ಮೋಟಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಾಕಾ ಹ್ಯಾಂಡಲ್ ತಿರುವಿ ಮೋಟಾರು ಚಾಲೂ ಮಾಡಿದ, ಒಳಗೆ ಬಂದು ಗೇರಿಗೆ ಕೈ ಹಾಕಿದ. ಗರ್ರ್! ಮತ್ತೆ ಹಾಕಿದ, ಮತ್ತೆ ಗರ್ರ್! ಅಷ್ಟು ಚಳಿಯಲ್ಲೂ ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು.

"ಇದನ್ನ ನಂಬಿ ಕೂತ್ರ ಆಗೂದಿಲ್ಲ, ಚಕ್ಕಡಿ ಹೂಡ್ರಿ!" ಎಂದು ಅಪ್ಪ ಹೊರಗಿನಿಂದ ಕೂಗಿದ.

"ಚಕ್ಕಡಿ ಬ್ಯಾಡೋ ಅಣ್ಣಾ! ಚಕ್ಕಡಿ ಬ್ಯಾಡ!"

ಕಾಕಾನ ಬಾಯಲ್ಲಿ ಅಂಥ ದನಿ ನಾನು ಕೇಳಿರಲೇ ಇಲ್ಲ. ನನಗಿನ್ನೂ ತಿಳಿವಳಿಕೆ ಬರುವ ಮೊದಲು ಅವನ ಹೆಂಡತಿ, ನಮ್ಮ ಕಾಕು, ಇದೇ ಬೇನೆ ತಿನ್ನುತ್ತ ಇದೇ ಹಾದಿಯಲ್ಲಿ ಚಕ್ಕಡಿಯಲ್ಲಿ ಹೊರಟಿದ್ದಳಂತೆ. ಗೋಕಾಕ ಮುಟ್ಟಲಿಲ್ಲ. ಹಾದಿಯಲ್ಲೇ ಹುಟ್ಟಿದ ಕೂಸು ಅಳಲೂ ಇಲ್ಲ. ಕಾಕಾ ಮತ್ತೆ ಮದುವೆಯಾಗಲಿಲ್ಲ. ಕಬ್ಬಿನಲ್ಲಿ ಕೈತುಂಬ ದುಡ್ಡು ಬಂದ ವರ್ಷ ಹೊಲ ಕೊಳ್ಳಲಿಲ್ಲ, ಬಂಗಾರ ಕೊಳ್ಳಲಿಲ್ಲ, ಮೋಟಾರು ಕೊಂಡ. ಊರವರು ಅದನ್ನು ಹುಚ್ಚು ಎಂದರು.

ನನಗೆ ನಡುಕ ಹತ್ತಿತ್ತು, ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. "ಥಂಡಿ ಆಗತೈತಿ, ಯವ್ವಾ," ಎಂದೆ. ಕಾಕಾ ಹೊರಳಿ ನೋಡಿದ. ಗೇರನ್ನು ಬಿಟ್ಟು ಬಾಗಿ, ಕಾಲ ಕೆಳಗಿನ ಕೌದಿಯನ್ನು ಜಗ್ಗಿ ತೆಗೆದು, ಕೊಡವಿ, ನನ್ನ ಮೈತುಂಬ ಹೊದಿಸಿದ. ಆಮೇಲೆ ಬರಿ ತಗಡಿನ ಮೇಲೆ ಕಾಲೂರಿ ಕ್ಲಚ್ ಒತ್ತಿದ. ಅದು ಈ ಸಲ ತಳದವರೆಗೂ ಇಳಿಯಿತು. ಗೇರು ತುಟಿಪಿಟಕ್ಕೆನ್ನದೆ ಬಿತ್ತು!

ನೋಡಿದಿರಾ? ಚಳಿಗಾಲವೆಲ್ಲ ಆ ಕೌದಿಯೇ ಕ್ಲಚ್ಚಿನ ಕೆಳಗೆ ಕೂತು ಅದನ್ನು ಪೂರ್ತಿ ಇಳಿಯಗೊಟ್ಟಿರಲಿಲ್ಲ. ಮಿಸ್ತ್ರಿ ಬಂದಾಗ ಅದು ಗೂಟದ ಮೇಲಿರುತ್ತಿತ್ತು, ಮೋಟಾರು ನೆಟ್ಟಗಿರುತ್ತಿತ್ತು!

"ವೈನೀ, ನಿನ್ನ ಕೌದೀನ ಇದಕ್ಕ ಅಡ್ಡಾಗಿತ್ತು!" ಕಾಕಾ ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ.

"ಮುಂದ ನೋಡಿ ಹೊಡಿಯೋ ಮಾರಾಯಾ!" ಎಂದಳು ಅವ್ವ.

ಆ ನೋವಿನಲ್ಲೂ ನನಗೆ ನಗು ಬಂತು. ಗಾಲಿ ಉರುಳುವುದು ಮೈಗೆ ತಿಳಿದದ್ದೇ, ಇನ್ನು ಬದುಕಿದೆ ಎನ್ನಿಸಿತು. ಹೋದ ಜೀವ ಬಂದಂತಾಯಿತು.

ಬಿಸಿಲು ಏರುವುದರೊಳಗೆ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಏನು ಅಳು ಅಂತೀರಿ! ಗೋಕಾಕದ ಪೇಟೆಗೆಲ್ಲ ಕೇಳಿರಬೇಕು. ಕಾಕಾ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಬಂದ. ಅವ್ವ ಕೂಸನ್ನು ಎದೆಗವಚಿ, ಸುಮ್ಮನಾಗವ್ವಾ ಸುಮ್ಮನಾಗು, ಎಂದು ತಟ್ಟತೊಡಗಿದಳು. ಕಾಕಾ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತ, ಕಣ್ಣು ಮುಚ್ಚಿಕೊಂಡ.

"ಸುಮ್ಮನ ಮಾಡಬ್ಯಾಡ ವೈನಿ," ಎಂದ. "ಅಳಲಿ. ನಾ ಒಂದೀಟು ಕೇಳ್ತೇನಿ."