ಬಿಸಿಯಾದರೆ ಮುನಿಯುವ ಸ್ಕೂಟರು

ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಒಂದೇ ಕರೆಗೆ ಏಳುವುದು ನನ್ನ ಹಳೆಯ ಸ್ಕೂಟರೊಂದೇ. ಆ ದಿನವೂ ಹಾಲು ಕಾಯಿಸಿ, ಕುಕ್ಕರ್ ಕೂಗಿಸಿ, ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ ಹೊರಗೆ ಬಂದಾಗ ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಗುಂಡಿ ಒತ್ತಿದೆ; ತಕ್ಷಣ ಎದ್ದಿತು. ಮಗಳನ್ನು ದಾಸರಹಳ್ಳಿ ಮೆಟ್ರೋಗೆ ಬಿಟ್ಟು, ದಾರಿಯಲ್ಲಿ ಗಾಡಿ ಆರಿಸಿ ಮೆಂತ್ಯ ಸೊಪ್ಪು ಕೊಂಡು ಮತ್ತೆ ಒತ್ತಿದರೆ ಬರೀ ಕೆಮ್ಮು. ನಾನು ಆಕ್ಸಿಲರೇಟರ್ ತಿರುಗಿಸಿದಷ್ಟೂ ಪೆಟ್ರೋಲ್ ವಾಸನೆ. ಸೊಪ್ಪಿನವಳು "ಅಕ್ಕ, ಅದುಕ್ಕೆ ವಯಸ್ಸಾಯ್ತು, ಬುಟ್ಬುಡಿ" ಎಂದಳು. ನನ್ನ ವಯಸ್ಸನ್ನೇ ಯಾರೋ ಕೂಗಿ ಹೇಳಿದಂತಾಗಿ, ಹೆಲ್ಮೆಟ್ ತೆಗೆಯದೆಯೇ ಮನೆಯವರೆಗೆ ತಳ್ಳಿಕೊಂಡು ಬಂದೆ.

ಬಾಗಿಲಲ್ಲೇ ಯಜಮಾನರು ಶೂ ಲೇಸ್ ಕಟ್ಟುತ್ತಿದ್ದರು. ಪೀಣ್ಯದ ಕಾರ್ಖಾನೆಯಲ್ಲಿ ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನೂ ಅಳೆದು ಹಿಡಿಯುವ ಮನುಷ್ಯ. ಮನೆಯ ಯಂತ್ರಗಳಿಗೆ ಮಾತ್ರ ಅವರದು ಒಂದೇ ಔಷಧ, ಅಂಗೈಯಿಂದ ಒಂದು ಪೆಟ್ಟು. ಅಂದು ಪೆಟ್ಟೂ ಕೊಡಲಿಲ್ಲ. "ಸಂಜೆ ಎಕ್ಸ್‌ಚೇಂಜ್‌ನವರು ಬರ್ತಾರೆ. ಒರೆಸಿಡು ಸಾಕು, ಇದರ ಕಥೆ ಮುಗೀತು" ಎಂದು ಹೊರಟೇಬಿಟ್ಟರು.

ನನಗೆ ಕಣ್ಣಲ್ಲಿ ನೀರೇ ಬಂತು. ಕಾನ್ವೆಂಟಿನಲ್ಲಿ ಪಿಯಾನೊ, ಕಸೂತಿ, ನಾಜೂಕಾಗಿ ಕೆಮ್ಮುವುದು ಎಲ್ಲ ಕಲಿಸಿದ್ದರು. ಗಾಡಿ ಓಡಿಸುವುದನ್ನು ಮಾತ್ರ ಮದುವೆಯಾದ ಎಷ್ಟೋ ವರ್ಷದ ಮೇಲೆ, ಹಾಳು ಬಿದ್ದ ಮೈದಾನದಲ್ಲಿ ಎರಡು ಸಲ ಮುಳ್ಳಿನ ಬೇಲಿಗೆ ಬಿದ್ದು, ಇದರ ಮೇಲೇ ಕಲಿತೆ. ಹೊಸದು ಬಂದರೆ ಅದು ಯಜಮಾನರದಾಗುತ್ತದೆ, ನಾನು ಹಿಂದಿನ ಸೀಟಿಗೆ ಹೋಗುತ್ತೇನೆ. ನೀವೇ ಹೇಳಿ, ಕೊತ್ತಂಬರಿ ಮುಗಿದಾಗಲೆಲ್ಲ ಗಂಡನ ಬಿಡುವಿಗೆ ಕಾಯುವುದು ಒಂದು ಬಾಳೇ?

ಹಾಗೆಂದು ಕೊರಗುತ್ತ ಒರೆಸುವಾಗ ಒಂದು ಹೊಳೆಯಿತು. ಇದರ ಹಟವೆಲ್ಲ ಬಿಸಿಯಾದ ಮೇಲೆಯೇ! ಹಿಂದೆ ರಿಪೇರಿಗೆ ಕೊಟ್ಟ ಮೂರು ಸಲವೂ ಮೆಕ್ಯಾನಿಕ್ ನಾಗರಾಜು ರಾತ್ರಿಯಿಡೀ ಇಟ್ಟುಕೊಂಡು, ಬೆಳಿಗ್ಗೆ ಸ್ಟಾರ್ಟ್ ಮಾಡಿ, "ಸೂಪರ್ ಆಗಿದೆ ಮೇಡಂ" ಎಂದು ಕಳಿಸಿದ್ದ. ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಪಾಠ ಒಪ್ಪಿಸುವ ಹುಡುಗಿಯಂತೆ ಅದೂ ತಣ್ಣಗಿದ್ದಾಗ ಅವನೆದುರು ಒಳ್ಳೆಯದಾಗಿಬಿಡುತ್ತಿತ್ತು.

ತಣ್ಣಗಾಗಿದ್ದ ಗಾಡಿಯನ್ನು ಅವನ ಅಂಗಡಿಗೆ ಓಡಿಸಿ, ಅಲ್ಲೇ ಬಿಸಿಯಾಗುವವರೆಗೆ ಗುರುಗುಟ್ಟಿಸಿ, ಆರಿಸಿದೆ. "ಈಗ ಸ್ಟಾರ್ಟ್ ಮಾಡಿ ನಾಗರಾಜು." ಮಾಡಿದ. ಕೆಮ್ಮಿತು. ಅವನ ನಗು ಇಳಿಯಿತು. "ಅಯ್ಯೋ ಮೇಡಂ, ಇದು ಆಟೋ ಚೋಕ್ ಇರ್ಬೇಕು ಕಣ್ರೀ!"

ಆಮೇಲೆ ಅವನು ಬಿಡಿಸಿ ಹೇಳಿದ. ತಣ್ಣಗಿರುವ ಇಂಜಿನ್ನಿಗೆ ಹೊರಡುವಾಗ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕು. ಹಳೆಯ ಗಾಡಿಗಳಲ್ಲಿ ಅದಕ್ಕೆ ಎಳೆಯುವ ಚೋಕ್ ಇರುತ್ತಿತ್ತು. ಇದರಲ್ಲಿ ಕಾರ್ಬುರೇಟರ್ ಪಕ್ಕ ಹೆಬ್ಬೆರಳಿನಷ್ಟು ದಪ್ಪದ ಪುಟ್ಟ ಡಬ್ಬಿಯೇ ಆ ಕೆಲಸ ಮಾಡುತ್ತದೆ. ಗಾಡಿ ಓಡುತ್ತಿದ್ದಂತೆ ವೈರಿನಲ್ಲಿ ಕರೆಂಟ್ ಬಂದು ಡಬ್ಬಿ ಬಿಸಿಯಾಗಿ, ಒಳಗಿನ ಮೇಣ ಉಬ್ಬಿ, ಸೂಜಿಯೊಂದನ್ನು ತಳ್ಳಿ ಆ ಹೆಚ್ಚಿನ ಪೆಟ್ರೋಲಿನ ದಾರಿಯನ್ನು ಮುಚ್ಚಬೇಕು. ಮುಚ್ಚದಿದ್ದರೆ? ಹೊಟ್ಟೆ ತುಂಬಿತೆಂದು ಎಲೆಗೆ ಕೈ ಅಡ್ಡ ಹಿಡಿದವರಿಗೂ ಮತ್ತೊಂದು ಹೋಳಿಗೆ ಬಡಿಸಿದ ಹಾಗೆ. ಕಪ್ಪು ಹೊಗೆ, ಕಿಡಿ ಹಾರದ ಒದ್ದೆ ಪ್ಲಗ್. ಅದರ ಮೇಲೆ ಆಕ್ಸಿಲರೇಟರ್ ತಿರುಗಿಸಿ ತುಪ್ಪವನ್ನೂ ಸುರಿಯುತ್ತಿದ್ದವಳು ನಾನು.

ಪ್ಲಗ್ ಒರೆಸಿ ಹೇಗೋ ಎಬ್ಬಿಸಿದ ನಾಗರಾಜು, "ಇನ್ನೇನು ಡಬ್ಬಿ ಬಿಸಿಯಾಗತ್ತೆ" ಎಂದ. ಇಸ್ತ್ರಿಪೆಟ್ಟಿಗೆ ನೋಡುವಂತೆ ಬೆರಳ ತುದಿ ತಾಗಿಸಿದೆ. "ಇಲ್ಲಪ್ಪ, ಫ್ರಿಜ್ಜಿನಿಂದ ತೆಗೆದ ಹಾಗಿದೆ." ಅವನು ಡಬ್ಬಿಯ ವೈರಿನ ಜಾಡು ಹಿಡಿದು ನೋಡಿದ, ಕೊಂಡಿಯ ಬಾಯಲ್ಲಿ ಹಸಿರು ಕಿಲುಬು. ಉಪ್ಪುಕಾಗದದಿಂದ ತಿಕ್ಕಿ ಗಟ್ಟಿಯಾಗಿ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಡಬ್ಬಿ ಬೆಚ್ಚಗಾಯಿತು, ಹೊಗೆ ತೆಳುವಾಯಿತು, ಇಂಜಿನ್ನಿನ ಸದ್ದು ತಗ್ಗಿತು. ಆರಿಸಿ ಒತ್ತಿದರೆ ಬಿಸಿಯಲ್ಲೂ ಒಂದೇ ಸಲ! ನಾನು ಬೀದಿಯಲ್ಲೇ ಚಪ್ಪಾಳೆ ತಟ್ಟಿದೆ.

ಸಂಜೆ ಯಜಮಾನರು ತಾವೇ ಮೂಲೆಯವರೆಗೆ ಓಡಿಸಿ, ಆರಿಸಿ, ಎಬ್ಬಿಸಿ, ಮತ್ತೆ ಆರಿಸಿ, ಮತ್ತೆ ಎಬ್ಬಿಸಿ ಪರೀಕ್ಷೆ ಮಾಡಿದರು. ತಪ್ಪು ಸಿಗದ ಬೇಸರ ಮುಖದಲ್ಲಿ ಕಂಡಿತು. "ಇರ್ಲಿ ಬಿಡು, ನಿನ್ನ ಗಾಡಿ ನೀನೇ ಇಟ್ಕೋ" ಎಂದು ಎಕ್ಸ್‌ಚೇಂಜ್‌ನವರಿಗೆ ಬರಬೇಡಿ ಎಂದು ಫೋನ್ ಮಾಡಿದರು. ನಾನು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಒಳಗೆ ಹೋಗಬೇಕಿತ್ತು. ಸಂಭ್ರಮ ತಡೆಯಲಾರದೆ, ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಹುಬ್ಬಳ್ಳಿಯ ಗಿರಿಜಕ್ಕನನ್ನು ಯಜಮಾನರೆದುರೇ ನಿಲ್ಲಿಸಿ, ಗಾಡಿ ಸ್ಟಾರ್ಟ್ ಮಾಡಿ, ಹೊಗೆಯಿಲ್ಲದ ಕೊಳವೆಯನ್ನೂ ತೋರಿಸಿದೆ.

ಗಿರಿಜಕ್ಕ ಬಟ್ಟಲು ಹಿಡಿದುಕೊಂಡೇ ಬಗ್ಗಿ ನೋಡಿ, "ಅಯ್ಯ, ಎಷ್ಟ ಚಲೋ ಆಗೇತ್ರೀ! ಮಾರೂದಿದ್ರ ಈಗಽ ಮಾರಿಬಿಡ್ರಿ, ಚಲೋ ರೇಟ್ ಬರ್ತೈತಿ" ಎಂದರು.